ಅಟ್ಟದ ಮೇಲಿನ ಬೂಮ್ ಬೂಮ್

ಉಳವಿ ಅಂದ ಕೂಡಲೇ ಜನ ಕೈ ಮುಗಿಯುತ್ತಾರೆ. ‘ಓಹೋ, ಚನ್ನಬಸವಣ್ಣನ ಕ್ಷೇತ್ರವಾ?’ ಅಂತಾರೆ. ಅಲ್ಲ ಸ್ವಾಮಿ, ಅದು ಜೋಯಿಡಾ ಕಡೆಯ ಉಳವಿ. ನಾನು ಹೇಳ್ತಿರೋದು ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಉಳವಿ. ನಮ್ಮ ಅಜ್ಜನ ಮನೆ ಇರುವ ಊರು. ಇರುವ ಅಂದೆನೇ? ತಪ್ಪಾಯ್ತು. ಇದ್ದ ಊರು. ಕಳೆದ ಬೇಸಿಗೆಯಲ್ಲಿ ಆ ಮನೆಯ ಹಂಚು ಇಳಿಸಿದರು.

ಹಂಚು ಇಳಿಸುವ ಮುಂಚೆ ಅಟ್ಟ ಖಾಲಿ ಮಾಡಬೇಕಲ್ಲ? ಆ ಕೆಲಸ ನನಗೆ ಬಂತು. ‘ನೀನು ಪೇಪರಿಗೆ ಬರೆಯೋನು, ನಿನಗೆ ಬಿಡುವು ಜಾಸ್ತಿ’ ಅಂದರು ಮಾವ. ಸಿನಿಮಾ ಲೇಖನ ಬರೆದು ಹೊಟ್ಟೆ ಹೊರೆಯುವವನ ಬಗ್ಗೆ ನಮ್ಮ ಕಡೆ ಇರುವ ಅಭಿಪ್ರಾಯ ಇದು! ಇರಲಿ. ಮೂಗಿಗೆ ಟವೆಲ್ ಕಟ್ಟಿಕೊಂಡು ಏಣಿ ಹತ್ತಿದೆ. ಒಡೆದ ಕೊಪ್ಪರಿಗೆ, ಅಡಿಕೆ ಸುಲಿಯುವ ತುಕ್ಕು ಹಿಡಿದ ಕತ್ತಿಗಳು, ಇಲಿ ತಿಂದ ಪಂಚಾಂಗದ ಕಟ್ಟು. ಮೂಲೆಯಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅದರೊಳಗೆ ಹನ್ನೊಂದು ಕ್ಯಾಸೆಟ್ಟು.

ಹತ್ತರ ಬಗ್ಗೆ ಹೇಳುವಂಥದ್ದೇನಿಲ್ಲ. ಯಕ್ಷಗಾನ ನಾಲ್ಕು, ಭಜನೆ ಎರಡು, ಅಣ್ಣಾವ್ರ ಹಾಡು ಮೂರು, ಒಂದರ ಹೊಟ್ಟೆಯಿಂದ ಕರುಳು ಹೊರಗೆ ಬಂದಿತ್ತು. ಹನ್ನೊಂದನೆಯದರ ಮೇಲೆ ಅಂಗಡಿಯ ಮುದ್ರಿತ ಚೀಟಿ ಇರಲಿಲ್ಲ. ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿದ್ದು. ನೀಲಿ ಮಸಿಯಲ್ಲಿ ಗುಂಡಗುಂಡಗೆ ಕನ್ನಡ ಅಕ್ಷರ. ಒಂದು ಬದಿ ‘ಗೀತಾ’. ಇನ್ನೊಂದು ಬದಿ ‘ಬೂಮ್ ಬೂಮ್’.

‘ಗೀತಾ’ ಗೊತ್ತಾಗದ ಕನ್ನಡಿಗ ಯಾರು? 1981ರ ಚಿತ್ರ, ಶಂಕರ್‌ನಾಗ್ ನಿರ್ದೇಶನ, ಶಂಕರ್‌ನಾಗೇ ನಾಯಕ, ಇಳಯರಾಜಾ ಸಂಗೀತ. ಗಿಟಾರು ಹಿಡಿದ ಹೀರೋ ವೇದಿಕೆ ಮೇಲೆ ಕುಣಿದರೆ ಎಸ್.ಪಿ.ಬಿ. ಕಂಠ ಬೆಂಕಿ ಹಚ್ಚುತ್ತಿತ್ತು. ಇವತ್ತಿಗೂ ನಮ್ಮ ಕಡೆ ಗಣಪತಿ ಆರ್ಕೆಸ್ಟ್ರಾ ಅದಿಲ್ಲದೆ ಮುಗಿಯಲ್ಲ. ಆದರೆ ಈ ಬೂಮ್ ಬೂಮ್ ಯಾವುದು ಮಾರಾಯ್ರೇ? ಮಾವನನ್ನು ಕೇಳಿದೆ. ‘ಎಂತದೋ ಹಿಂದಿದು. ನಾನು ಬೆಂಗಳೂರಿನಲ್ಲಿ ಹೋಟ್ಲಲ್ಲಿದ್ದಾಗ ಮೆಜೆಸ್ಟಿಕ್ ಹತ್ರ ತುಂಬಿಸ್ಕೊಂಡು ಬಂದಿದ್ದು. ಬಿಸಾಡು ಅತ್ಲಾಗೆ’ ಅಂದರು.

ಬಿಸಾಡಲಿಲ್ಲ. ಸೊರಬದಲ್ಲಿ ನನಗೆ ಪರಿಚಯದ ಒಬ್ಬರು ರೇಡಿಯೋ ರಿಪೇರಿಯವರಿದ್ದಾರೆ. ಈಗ ಮೊಬೈಲ್ ರಿಪೇರಿ ಮಾಡುತ್ತಾರೆ, ಆದರೆ ಮನಸ್ಸು ಮಾತ್ರ ಇನ್ನೂ ಟೂ-ಇನ್-ವನ್ ಒಳಗೇ ಇದೆ. ಕ್ಯಾಸೆಟ್ ನೋಡಿದವರೇ ಕನ್ನಡಕ ಏರಿಸಿದರು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಸ್ಪಂಜಿನ ಚೂರು ಉದುರಿ ಹೋಗಿತ್ತು. ಸ್ಕ್ರೂ ಬಿಚ್ಚಿ, ಬೇರೆ ಕ್ಯಾಸೆಟ್ಟಿನ ಒಡಲು ತಂದು, ಈ ಎರಡು ಉರುಟು ಸುರುಳಿಯನ್ನು ಅದಕ್ಕೆ ವರ್ಗಾಯಿಸಿದರು. ಆಮೇಲೆ ಪೆನ್ಸಿಲ್ ತೂರಿಸಿ ಇಡೀ ಟೇಪನ್ನು ಕೈಯಲ್ಲೇ ಒಂದು ಸಲ ಆಚೆ, ಒಂದು ಸಲ ಈಚೆ ಸುತ್ತಿದರು. ‘ಅಂಟಿಕೊಂಡಿರುತ್ತೆ. ನೇರ ಮಿಷನ್ನಿಗೆ ಹಾಕಿದ್ರೆ ಫಟ್ ಅಂತ ಕಡೀತದೆ’ ಅಂದರು. ಅವರ ಹಳೇ ಸೆಟ್ಟಿನ ಬೆಲ್ಟು ಕರಗಿ ಬೆಲ್ಲದ ಪಾಕ ಆಗಿತ್ತು. ಹೊಸ ಬೆಲ್ಟಿಗೆ 80 ರೂಪಾಯಿ ನಾನೇ ಕೊಟ್ಟೆ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಗುಂಡಿ ಒತ್ತಿದರು.

ಮೊದಲು ಬರೀ ಸುಂಯ್ ಅನ್ನುವ ಸದ್ದು. ಆಮೇಲೆ ಒಂದು ತಾಳ, ಎದೆಯ ಕೆಳಗೆ ಗುದ್ದುವಂಥದ್ದು. ಅದರ ಮೇಲೆ ಒಂದು ಹುಡುಗಿಯ ದನಿ. ಸ್ವಲ್ಪ ಮೂಗಿನಿಂದ ಬರುವ, ಯಾವ ಬಳುಕೂ ಇಲ್ಲದ, ಬೆಳಿಗ್ಗೆ ಎದ್ದು ಇನ್ನೂ ಮುಖ ತೊಳೆಯದ ಹುಡುಗಿಯ ಹಾಗಿರುವ ದನಿ!

ರಿಪೇರಿಯವರು ಕಣ್ಣು ಮುಚ್ಚಿಕೊಂಡು ಹೇಳಿದರು: ‘ನಾಜಿಯಾ.’

ಓದುಗ ಮಿತ್ರರೇ, ನಾಜಿಯಾ ಹಸನ್ ಹೆಸರು ನಿಮಗೆ ಗೊತ್ತಿರದೇ ಇರಬಹುದು, ಹಾಡು ಗೊತ್ತಿದೆ. 1980ರ ‘ಕುರ್ಬಾನಿ’ಯಲ್ಲಿ ಜೀನತ್ ಅಮಾನ್ ಕುಣಿದ ‘ಆಪ್ ಜೈಸಾ ಕೋಯಿ’ ಹಾಡಿದವಳು. ಕರಾಚಿಯಲ್ಲಿ 1965ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ ಹುಡುಗಿ. ಆ ಒಂದು ಹಾಡಿಗೆ, ಹದಿನೈದರ ಪ್ರಾಯದಲ್ಲಿ, ಫಿಲಂಫೇರ್ ಪ್ರಶಸ್ತಿ ಹೊಡೆದಳು. ಲತಾ, ಆಶಾ ಆಳುತ್ತಿದ್ದ ಕಾಲ ಅದು, ನೆನಪಿರಲಿ. ಮರುವರ್ಷ 1981ರಲ್ಲಿ ತಮ್ಮ ಜೊಹೇಬ್ ಜೊತೆ ‘ಡಿಸ್ಕೋ ದಿವಾನೆ’ ಅನ್ನುವ ಧ್ವನಿಸುರುಳಿ. ಸಿನಿಮಾ ಇಲ್ಲ, ಹೀರೋ ಇಲ್ಲ, ಬರೀ ಹಾಡು. ಅದು ದೇಶಾನೇ ಕುಣಿಸಿತು. 2012ರಲ್ಲಿ ಕರಣ್ ಜೋಹರ್ ತನ್ನ ‘ಸ್ಟೂಡೆಂಟ್ ಆಫ್ ದಿ ಇಯರ್’ಗೆ ಅದನ್ನೇ ಎತ್ತಿಕೊಂಡು ಮತ್ತೆ ಕುಣಿಸಿದ.

ಈಗ ನಮ್ಮ ಎದೆ ಉಬ್ಬುವ ವಿಷಯ. ಈ ಹಾಡುಗಳ ಹಿಂದೆ ಇದ್ದವನು ಯಾರು ಗೊತ್ತೇ? ಬಿದ್ದು! ಬಿದ್ದು ಅಪ್ಪಯ್ಯ. ಕೊಡವರ ಮನೆಯ ಹುಡುಗ, ಬೆಳೆದದ್ದು ಬೆಂಗಳೂರಿನಲ್ಲಿ. ಅರವತ್ತರ ದಶಕದಲ್ಲಿ ಅಲ್ಲೇ ಟ್ರೋಜನ್ಸ್ ಅನ್ನುವ ತಂಡ ಕಟ್ಟಿ ಇಂಗ್ಲಿಷ್ ಹಾಡು ಹಾಡುತ್ತಿದ್ದವನು. ಅಲ್ಲಿಂದ ಲಂಡನ್ನಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಾಸ್ ಎಂಬವನಿಂದ ‘ಕುಂಗ್ ಫೂ ಫೈಟಿಂಗ್’ ಹಾಡಿಸಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿಸಿದ. ಆತನನ್ನು ಹಿಂದಿ ಚಿತ್ರಕ್ಕೆ ಎಳೆದು ತಂದವನು ಫಿರೋಜ್ ಖಾನ್. ಅವನೂ ಹುಟ್ಟಿದ್ದು ಬೆಂಗಳೂರಿನಲ್ಲಿ, 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಅಂದರೆ ಇಡೀ ಹಿಂದುಸ್ಥಾನ ಕುಣಿದ ಆ ಹಾಡಿನಲ್ಲಿ ಇಬ್ಬರು ನಮ್ಮ ಬೆಂಗಳೂರಿನವರು. ನಾವು ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಇಲ್ಲ. ನಮ್ಮ ಸೊರಬದವರನ್ನು ಕೇಳಿ, ಕುಬಟೂರಿನ ಬಂಗಾರಪ್ಪನವರ ಮಗಳನ್ನು 1986ರಲ್ಲಿ ಶಿವಣ್ಣ ಮದುವೆಯಾದದ್ದನ್ನು ನಿನ್ನೆ ಊಟ ಮಾಡಿ ಬಂದವರ ಹಾಗೆ ಹೇಳುತ್ತಾರೆ. ಬಿದ್ದು ಅಂದರೆ ಮಾತ್ರ ‘ಯಾರು ಬಿದ್ದಿದ್ದು?’ ಅಂತಾರೆ.

ನನ್ನ ಕೈಗೆ ಸಿಕ್ಕ ‘ಬೂಮ್ ಬೂಮ್’ ಇವೆರಡರ ನಂತರದ್ದು. 1982ರ ‘ಸ್ಟಾರ್’ ಚಿತ್ರದ ಹಾಡುಗಳು. ವಿನೋದ್ ಪಾಂಡೆ ನಿರ್ದೇಶನ. ‘ಲವ್ ಸ್ಟೋರಿ’ಯಿಂದ ರಾತ್ರೋರಾತ್ರಿ ತಾರೆಯಾದ ಕುಮಾರ್ ಗೌರವ್ ನಾಯಕ, ಜೊತೆಗೆ ರತಿ ಅಗ್ನಿಹೋತ್ರಿ, ಪದ್ಮಿನಿ ಕೊಲ್ಹಾಪುರೆ. ಹಾಡುಗಾರನಾಗಬೇಕೆಂದು ಒದ್ದಾಡುವ ಹುಡುಗನ ಕಥೆ. ನೋಡಿದೆ. ಪೂರ್ತಿ ನೋಡಿದೆ. ನಿಮ್ಮ ಪರವಾಗಿ ನಾನು ಅನುಭವಿಸಿದ್ದೇನೆ, ನೀವು ನೋಡಬೇಕಾಗಿಲ್ಲ. ಹಾಡು ಬಂದಾಗ ಜೀವ ಬರುತ್ತದೆ, ಹಾಡು ಮುಗಿದ ಕೂಡಲೇ ಪಾತ್ರಧಾರಿಗಳೆಲ್ಲ ಮುಂದಿನ ಹಾಡು ಯಾವಾಗ ಅಂತ ಕಾಯುತ್ತ ಕೂತವರ ಹಾಗೆ ಕಾಣುತ್ತಾರೆ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ತೋಪಾಯಿತು. ಅದೇ 1982ರಲ್ಲಿ ಮಿಥುನ್ ಚಕ್ರವರ್ತಿಯ ‘ಡಿಸ್ಕೋ ಡ್ಯಾನ್ಸರ್’ ಬಂತು, ಬಪ್ಪಿ ಲಾಹಿರಿ ಸಂಗೀತ. ಹಳ್ಳಿಹಳ್ಳಿಯ ಹುಡುಗರು ಮಿಥುನ್ ಆಗಿಬಿಟ್ಟರು. ‘ಸ್ಟಾರ್’ ಮಿಣುಕಿ ಆರಿತು.

ಚಿತ್ರದ ಜೊತೆ ಹಾಡೂ ಸತ್ತವು ಅನ್ನುವುದು ಪೂರ್ತಿ ಸರಿಯಲ್ಲ. ‘ಬೂಮ್ ಬೂಮ್’ ಒಂದು ಅಲ್ಲಲ್ಲಿ ಉಳಿಯಿತು. ಆದರೆ ನಾಜಿಯಾ ಅಂದರೆ ‘ಆಪ್ ಜೈಸಾ ಕೋಯಿ’, ಇಲ್ಲವೇ ‘ಡಿಸ್ಕೋ ದಿವಾನೆ’. ಮೂರನೆಯದರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಆಕೆಯ ದನಿ ಚೆನ್ನಾಗಿ ಕೂತಿರುವುದು ಈ ಮೂರನೆಯದರಲ್ಲೇ. ‘ಕುರ್ಬಾನಿ’ ಹಾಡಿನಲ್ಲಿ ಬಿದ್ದು ಆಕೆಯ ದನಿಯನ್ನು ಒಂದರ ಮೇಲೊಂದು ಎರಡು ಸಲ ಮುದ್ರಿಸಿ ದಪ್ಪ ಮಾಡಿದ್ದ. ಅದು ಆ ಕಾಲಕ್ಕೆ ನಮ್ಮವರಿಗೆ ಹೊಸ ತಂತ್ರ, ಲಂಡನ್ ಸ್ಟುಡಿಯೋದ ಮಾಯೆ. ಅದರಲ್ಲಿ ಹುಡುಗಿ ಎಲ್ಲೋ ಗಾಜಿನ ಹಿಂದೆ ನಿಂತ ಹಾಗಿರುತ್ತಾಳೆ. ಇಲ್ಲಿ ಹಾಗಲ್ಲ. ‘ಊಯಿ ಊಯಿ’ ಅಂತ ಒಂದು ಹಾಡಿದೆ. ಅದರಲ್ಲಿ ಗಾಜು ಸರಿದು ಆಕೆ ಕೋಣೆಯೊಳಗೆ ಬಂದು ಕೂತಿದ್ದಾಳೆ. ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ.

ಇನ್ನೊಂದು ಮಾತು. ನಮ್ಮ ಎಸ್. ಜಾನಕಿ ಹಾಡಿದ್ದನ್ನು ನೀವು ಬಚ್ಚಲಲ್ಲಿ ಹಾಡಿ ನೋಡಿ. ಎರಡನೇ ಸಾಲಿಗೆ ನಿಮ್ಮ ಬಣ್ಣ ಬಯಲಾಗುತ್ತದೆ. ಆ ಗಮಕ, ಆ ಉಸಿರು ಹತ್ತು ಜನ್ಮಕ್ಕೂ ಬರಲ್ಲ. ನಾಜಿಯಾ ಹಾಡಿದ್ದು ಹಾಗಲ್ಲ. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಇಳಿಯಲ್ಲ, ಸಂಗತಿ ಇಲ್ಲ, ಬಿರುಕೆ ಇಲ್ಲ. ಸಂಗೀತ ಕಲಿಯದ ಹದಿನೈದರ ಹುಡುಗಿ ತನ್ನ ಮನೆ ಜಗಲಿಯಲ್ಲಿ ಕೂತು ಹಾಡಬಹುದಾದ ಹಾಡು. ದೊಡ್ಡ ವಿದ್ವಾಂಸರು ಇದನ್ನೇ ಕೊರತೆ ಅಂದರು. ನನಗೆ ಇದು ಕೊರತೆ ಅಲ್ಲ ಅಂತ ಗೊತ್ತಾದದ್ದು ಆ ಸೊರಬದ ಅಂಗಡಿಯಲ್ಲಿ, ಹಾಡುಗಳೆಲ್ಲ ಮುಗಿದ ಮೇಲೆ.

ಹಾಡು ಮುಗಿದರೂ ಟೇಪು ಉಳಿದಿತ್ತು. ರಿಪೇರಿಯವರು ನಿಲ್ಲಿಸಲು ಕೈ ಚಾಚಿದರು. ಅಷ್ಟರಲ್ಲಿ ಕಟ್ ಅಂತ ಒಂದು ಸದ್ದು. ಹಿಂದೆಯೇ ಮಳೆ. ಹಂಚಿನ ಮೇಲೆ ಬೀಳುವ ನಮ್ಮ ಮಲೆನಾಡಿನ ಮಳೆ, ಒಂದೇ ಸಮ. ಎಲ್ಲೋ ಒಂದು ಕೋಳಿ. ಆಮೇಲೆ ಒಬ್ಬ ಹುಡುಗಿ ಗಂಟಲು ಸರಿ ಮಾಡಿಕೊಂಡು ಅದೇ ‘ಊಯಿ ಊಯಿ’ ಹಾಡತೊಡಗಿದಳು. ಹಿಂದಿ ಶಬ್ದಗಳು ಅರ್ಧಕ್ಕರ್ಧ ತಪ್ಪು. ಆದರೆ ಶ್ರುತಿ ಇದೆ. ತಾಳಕ್ಕೆ ಯಾವುದೋ ಪಾತ್ರೆ ತಟ್ಟುತ್ತಿದ್ದಾಳೆ. ನಾಜಿಯಾ ಹಾಡಿದ ಹಾಗೇ, ಬಳುಕಿಲ್ಲದೆ, ನೇರ. ಒಂದೂವರೆ ನಿಮಿಷ ಆಗಿರಬಹುದು. ಒಂದು ಗಂಡಸಿನ ಕೆಮ್ಮು. ‘ಸಾಕು ಮಗಾ, ಬಂದ್ ಮಾಡು. ಸೆಲ್ಲು ಖಾಲಿ ಆಗ್ತಾವೆ’ ಅಂತ ಒಂದು ಮಾತು. ಕಟ್.

ನಾನು ಆ ಗಂಡಸಿನ ದನಿ ಎಂದೂ ಕೇಳಿದವನಲ್ಲ. ನಾನು ಹುಟ್ಟುವ ಮೊದಲೇ ಅಜ್ಜ ಹೋಗಿದ್ದರು. ಹುಡುಗಿಯ ದನಿ ಮಾತ್ರ ಗೊತ್ತಾಯ್ತು. ಅಕ್ಷರವೂ ಆಗ ಗೊತ್ತಾಯ್ತು, ಆ ಗುಂಡಗಿನ ನೀಲಿ ಅಕ್ಷರ. ನಮ್ಮ ದೊಡ್ಡಮ್ಮ. ಅಮ್ಮನ ಅಕ್ಕ.

ದೊಡ್ಡಮ್ಮ ಹಾಡಿದ್ದನ್ನು ನಾನು ನೋಡಿಯೇ ಇಲ್ಲ. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಆರತಿ ಹಾಡು ಹೇಳುವಾಗ ಅವರು ಅಡಿಗೆ ಮನೆಯಲ್ಲಿ ಕಾಯಿ ತುರಿಯುತ್ತಿರುತ್ತಾರೆ. ‘ನನಗೆ ರಾಗ ಬರಲ್ಲಪ್ಪ’ ಅಂತಾರೆ. ನಾನು ಪಿಯುಸಿ ಬಿಟ್ಟಾಗ ಮನೆಯವರೆಲ್ಲ ಒಂದೊಂದು ಬೈದರು, ಮರೆತೆ. ದೊಡ್ಡಮ್ಮ ಅಂದಿದ್ದು ಮಾತ್ರ ಮರೆತಿಲ್ಲ. ‘ಅರ್ಧಕ್ಕೆ ಬಿಟ್ಟಿದ್ದು ಹೊಟ್ಟೇಲಿ ಕಲ್ಲಿನ ಹಾಗೆ ಕೂತಿರ್ತದೆ ಮಗಾ’ ಅಂದಿದ್ದರು. ಇವರು ಅರ್ಧಕ್ಕೆ ಬಿಟ್ಟದ್ದು ಏನಪ್ಪ, ಅಡಿಗೇನಾ ಅಂತ ಮನಸ್ಸಿನಲ್ಲೇ ನಕ್ಕಿದ್ದೆ.

ಅಮ್ಮನಿಗೆ ಫೋನ್ ಮಾಡಿದೆ. ಆಗ ಆಕೆಗೆ ಹತ್ತೋ ಹನ್ನೊಂದೋ ವರ್ಷ. ನೆನಪು ಮಾಡಿಕೊಂಡು ಹೇಳಿದಳು. 83ರ ಗಣಪತಿ ಹಬ್ಬಕ್ಕೆ ಊರಿಗೆ ಆರ್ಕೆಸ್ಟ್ರಾ ಬರುವುದಿತ್ತಂತೆ. ಅದರಲ್ಲಿ ಅಕ್ಕ ಒಂದು ಹಾಡು ಹಾಡೋದು ಅಂತ ಮಾತಾಗಿತ್ತಂತೆ. ಮಳೆಗಾಲ ಪೂರ್ತಿ ಆ ಕ್ಯಾಸೆಟ್ ಹಾಕಿ ಹಾಡಿ ಹಾಡಿ ಎಲ್ಲರ ತಲೆ ಚಿಟ್ಟು ಹಿಡಿಸಿದ್ದಳಂತೆ. ಆಮೇಲೆ ಅಪ್ಪ ಬಂದ್ ಮಾಡು ಅಂದರಂತೆ, ಅಲ್ಲಿಗೆ ಮುಗಿಯಿತು. ಹಬ್ಬದ ದಿನ ಅಕ್ಕ ಮನೆಯಿಂದ ಹೊರಗೆ ಬರಲಿಲ್ಲ. ಮರುವರ್ಷ ಮದುವೆ. ‘ಅಪ್ಪ ಭಾಳ ಸಿಟ್ಟು ಮಾಡಿದ್ರು ಅಂತ ಅಕ್ಕ ಹೇಳ್ತಿದ್ಲು’ ಅಂದಳು ಅಮ್ಮ. ಒಂದು ಗಳಿಗೆ ಸುಮ್ಮನಿದ್ದು, ‘ಅದ್ರಾಗೆ ಅಪ್ಪನ ಸ್ವರ ಐತಾ ಹಂಗಾದ್ರೆ? ನಂಗೆ ಕಳಿಸು’ ಅಂದಳು.

ನಾನು ಕಳಿಸಲಿಲ್ಲ. ಅಂಗಡಿಯಲ್ಲೇ ಆ ತುಣುಕನ್ನು ಮೊಬೈಲಿಗೆ ಹಿಡಿದುಕೊಂಡಿದ್ದೆ, ಟೇಪು ಇನ್ನೆಷ್ಟು ಸಲ ತಡೆಯುತ್ತದೋ ಅಂತ. ಆದರೆ ಹಾಡಿದವಳಿಗಿಂತ ಮೊದಲು ಬೇರೆಯವರು ಕೇಳುವುದು ಯಾಕೋ ಸರಿ ಕಾಣಲಿಲ್ಲ. ರಿಪೇರಿಯವರ ಕೈಕಾಲು ಹಿಡಿದು ಸೆಟ್ಟನ್ನೇ ಚೀಲಕ್ಕೆ ಹಾಕಿಕೊಂಡೆ. ‘ನಾಳೆ ವಾಪಸ್ಸು’ ಅಂತ ಮಾತು ಕೊಟ್ಟು ಶಿರಾಳಕೊಪ್ಪದ ಬಸ್ಸು ಹತ್ತಿದೆ.

ದೊಡ್ಡಮ್ಮ ಹಿತ್ತಲಲ್ಲಿ ಬಟ್ಟೆ ಒಣ ಹಾಕುತ್ತಿದ್ದರು. ಕಾಫಿ ಕೊಟ್ಟರು. ನಾನು ಏನೂ ಹೇಳದೆ ಸೆಟ್ಟು ತೆಗೆದು ಹಾಡು ಹಾಕಿದೆ. ಲೋಟ ಹಿಡಿದವರು ಹಿಡಿದ ಹಾಗೇ ನಿಂತರು. ಒಂದು ಹಾಡು ಮುಗಿಯಿತು. ಎರಡನೆಯದಕ್ಕೆ ಕೂತರು. ‘ಇದ್ರಲ್ಲಿ ಅವಳು ಒಂದು ಕಡೆ ಉಸಿರು ಎಳಿತಾಳೆ ನೋಡು’ ಅಂದರು. ಎಳೆದಳು! ‘ಹಿಂದಿ ತಿಳೀತಿರ್ಲಿಲ್ಲೋ. ಕನ್ನಡದಾಗೆ ಬರ್ಕೊಂಡು ಬಾಯಿಪಾಠ ಮಾಡ್ತಿದ್ದೆ.’ ಮೂರನೆಯ ಹಾಡಿಗೆ, ‘ಈಗ ಎಲ್ಲಿದಾಳೆ ಈಕೆ?’ ಅಂತ ಕೇಳಿದರು. 2000ನೇ ಇಸವಿ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು, ಶ್ವಾಸಕೋಶದ ಕ್ಯಾನ್ಸರು, ಬರೀ 35 ವರ್ಷ ಅಂದೆ. ಹಾಡು ಬಿಟ್ಟು ಕಾನೂನು ಓದಿದ್ದರು ಅಂತಲೂ ಅಂದೆ. ದೊಡ್ಡಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲ. ‘ನನ್ನ ವಾರಿಗೆಯವಳು. ಎರಡು ಮೂರು ವರ್ಷ ದೊಡ್ಡೋಳು ಇರಬೇಕು’ ಅಂದರು, ಪಕ್ಕದ ಬೀದಿಯ ಹುಡುಗಿಯ ಬಗ್ಗೆ ಹೇಳುವ ಹಾಗೆ.

ಕೊನೆಯ ಹಾಡು ಮುಗಿಯುತ್ತಿದ್ದ ಹಾಗೇ ಅವರ ಬೆರಳು ಗುಂಡಿ ಒತ್ತಿಬಿಟ್ಟಿತು. ಎಲ್ಲಿ ನಿಲ್ಲಿಸಬೇಕು ಅಂತ ಆ ಬೆರಳಿಗೆ ನಲವತ್ತು ವರ್ಷವಾದರೂ ಗೊತ್ತಿತ್ತು.

‘ಮುಂದಿಂದು ಕೇಳಿದ್ಯಾ?’

‘ಕೇಳಿದೆ ದೊಡ್ಡಮ್ಮ.’

‘ಅಪ್ಪ ಬೈದಿದ್ದು?’

‘ಬೈದಿದ್ದಲ್ಲ ದೊಡ್ಡಮ್ಮ. ಸೆಲ್ ಖಾಲಿ ಆಗ್ತಾವೆ ಅಂತಾರೆ ಅಷ್ಟೆ. ಮಗಾ ಅಂತಾರೆ.’

‘ಬಂದ್ ಮಾಡು ಅಂತಾರೋ ಇಲ್ಲೋ?’

‘ಅಂತಾರೆ.’

‘ಮತ್ತೆ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಹೇಳಿದ್ದೇ ಬೇರೆ, ಟೇಪಿನಲ್ಲಿ ಸಿಕ್ಕ ದಿನವೇ ಬೇರೆ ಇರಬಹುದು. ಇಲ್ಲವೇ ಒಬ್ಬ ಅಪ್ಪ ಸೆಲ್ಲಿನ ದುಡ್ಡಿಗೆ ಅಂದ ಮಾತು ಹದಿನೈದರ ಹುಡುಗಿಯ ಕಿವಿಗೆ ಬೇರೆಯೇ ಆಗಿ ಬಿದ್ದಿರಬಹುದು. ಆರು ಸೆಲ್ಲು ಅಂದರೆ ಆಗ ಕೂಲಿ ಮನೆಗೆ ಸಣ್ಣ ಖರ್ಚೇನೂ ಆಗಿರಲಿಲ್ಲ. ನಾನು ಮಾತಾಡಲಿಲ್ಲ. ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನೂ ಹೇಳಲಿಲ್ಲ. ಅದು ತಪ್ಪೇ. ನಾಲಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವರು ಎದ್ದು ಬಟ್ಟೆ ತೆಗೆಯಲು ಹೋದರು. ಮೋಡ ಹಾಕಿತ್ತು.

ಹೊರಡುವಾಗ ಸೆಟ್ಟು ಚೀಲಕ್ಕೆ ಹಾಕಲು ಹೋದೆ. ‘ಇರಲಿ ಬಿಡು ಅದು. ಒಬ್ಬಳೇ ಇದ್ದಾಗ ನೋಡ್ತೀನಿ’ ಅಂದರು. ಇನ್ನೊಬ್ಬರ ಸೆಟ್ಟು ದೊಡ್ಡಮ್ಮ ಅನ್ನಲು ಬಾಯಿ ಬರಲಿಲ್ಲ.

ಸೊರಬದಿಂದ ಈಗ ಮೂರು ಸಲ ಫೋನ್ ಬಂದಿದೆ. ‘ಏ ಮಾರಾಯ, ನನ್ನ ಸೆಟ್ಟು ಎಂತ ಆತು?’ ಅಮ್ಮನದು ಐದು ಸಲ. ಇಬ್ಬರಿಗೂ ನಾಳೆ ನಾಳೆ ಅನ್ನುತ್ತಿದ್ದೇನೆ. ನಿನ್ನೆ ರಾತ್ರಿ ಒಂಬತ್ತೂವರೆಗೆ ಮತ್ತೆ ಫೋನು. ಅಮ್ಮನದೇ ಇರಬೇಕು ಅಂತ ತೆಗೆದರೆ ದೊಡ್ಡಮ್ಮ. ಹಿಂದೆ ಮಳೆಯ ಸದ್ದು ಜೋರು.

‘ಇಲ್ಲಿ ಕರೆಂಟ್ ಹೋಗಿದೆ ಕಣೋ. ಇದಕ್ಕೆ ಸೆಲ್ಲು ಎಷ್ಟು ಹಾಕ್ಬೇಕು?’

‘ಆರು ದೊಡ್ಡಮ್ಮ. ದೊಡ್ಡ ಸೈಜಿಂದು.’

‘ಈ ಹೊತ್ತಲ್ಲಿ ಅಂಗಡಿ ತೆಗೆದಿರ್ತದಾ?’ ಅಂತ ಅವರಿಗೆ ಅವರೇ ಕೇಳಿಕೊಂಡು ಫೋನ್ ಇಟ್ಟರು.